ಘೊಂಟುವಿನ ಅಧಿಕೃತ ಪೋಷಕರು

ದುರ್ಗಾಪೂಜೆಯ ರಜೆಯಲ್ಲಿ ಕೋಲ್ಕತ್ತದ ಮನುಷ್ಯರು ಊರು ಬಿಟ್ಟು ಹೋಗುತ್ತಾರೆ, ನಾಯಿಗಳು ಹೋಗುವುದಿಲ್ಲ. ಈ ಒಂದು ಸಂಗತಿಯ ಆಧಾರದ ಮೇಲೆ ನಮ್ಮ ಸಂಸ್ಥೆ ನಿಂತಿದೆ. ಹೆಸರು ಗಡಿಯಾ ಶ್ವಾನ ವಿಶ್ರಾಂತಿ ನಿಕೇತನ. ಯಜಮಾನರು ಪುರಿಗೋ ದಾರ್ಜಿಲಿಂಗಿಗೋ ಹೋಗಿ ಬರುವ ತನಕ ಅವರ ನಾಯಿಗಳನ್ನು ಇಟ್ಟುಕೊಂಡು, ಹೊತ್ತುಹೊತ್ತಿಗೆ ಅನ್ನ ಹಾಕಿ, ಮರಳಿ ಒಪ್ಪಿಸುವುದು ನಮ್ಮ ಕೆಲಸ. ನಾನು ಶಶಧರ ಮಾಯ್ತಿ, ಇಲ್ಲಿಯ ದಾಖಲಾತಿ ಅಧೀಕ್ಷಕ. ನಿವೃತ್ತಿಗೆ ಮುಂಚೆ ಒಂದು ಸರ್ಕಾರಿ ಕಚೇರಿಯಲ್ಲಿ ಮನುಷ್ಯರ ಅರ್ಜಿಗಳನ್ನು ತಿರಸ್ಕರಿಸುತ್ತಿದ್ದೆ. ಅದಕ್ಕಿಂತ ನಾಯಿಗಳ ಕೆಲಸ ಎಷ್ಟೋ ಮೇಲು. ತಿರಸ್ಕರಿಸಿದರೆ ಅವು ಮಂತ್ರಿಗಳ ಕಡೆಯಿಂದ ಫೋನ್ ಮಾಡಿಸುವುದಿಲ್ಲ.

ನಮ್ಮಲ್ಲಿ ನಿಯಮ ಜಾಸ್ತಿ ಎಂದು ಕೆಲವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವ ನಿಯಮ ಇನ್ನೂ ಬಂದಿಲ್ಲ, ಪರಿಶೀಲನೆಯಲ್ಲಿದೆ. ಪ್ರತಿ ವರ್ಷ ಶ್ರಾವಣ ಮುಗಿಯುತ್ತಿದ್ದಂತೆ ಗೇಟಿನ ಮೇಲೆ ಈ ಪ್ರಕಟಣೆಯನ್ನು ಅಂಟಿಸುತ್ತೇವೆ:

“ಪೂಜಾ ರಜೆಯ ವಾಸಕ್ಕೆ ನಾಯಿಯನ್ನು ಸಿದ್ಧಗೊಳಿಸದೆ ಕರೆತರತಕ್ಕದ್ದಲ್ಲ. ಸಿದ್ಧತೆ ಎಂದರೆ ನಾಯಿಯ ಸಿದ್ಧತೆ ಹಾಗೂ ಮನೆಯವರ ಸಿದ್ಧತೆ. ಇವೆರಡರಲ್ಲಿ ಯಾವುದೊಂದು ಅನುತ್ತೀರ್ಣವಾದರೂ ನಾಯಿಯನ್ನು ಮನೆಗೆ ಕಳುಹಿಸಲಾಗುವುದು. ಮನೆಯವರನ್ನು ಎಲ್ಲಿಗೆ ಕಳುಹಿಸಬೇಕೆಂಬುದು ಸಂಸ್ಥೆಯ ವ್ಯಾಪ್ತಿಗೆ ಬರುವುದಿಲ್ಲ.”

ಆ ವರ್ಷ ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬಾನ್ಸ್‌ದ್ರೋಣಿಯ ನಿರುಪಮ ಬಾಗ್ಚಿ ಎಂಬವರು ತಮ್ಮ ನಾಯಿಯನ್ನು ನೋಂದಾಯಿಸಲು ಬಂದರು. ಜೊತೆಗೆ ಹೆಂಡತಿ ಶರ್ಬಾಣಿ, ವಯಸ್ಸಾದ ತಾಯಿ, ಮತ್ತು ಕಂದು ಬಣ್ಣದ, ಒಂದು ಕಿವಿ ನಿಂತ ಒಂದು ಕಿವಿ ಬಿದ್ದ ನಾಯಿ. ಬಾಗ್ಚಿಯವರು ಒಂದು ಇಲಾಖೆಯಲ್ಲಿ ಸೆಕ್ಷನ್ ಅಧಿಕಾರಿ. ಯಾವ ಇಲಾಖೆ ಎಂದು ಕೇಳಿದೆ. ಅದನ್ನು ಇನ್ನೊಂದು ಇಲಾಖೆಯೊಂದಿಗೆ ವಿಲೀನ ಮಾಡುವ ಪ್ರಸ್ತಾವ ಇರುವುದರಿಂದ ಸದ್ಯಕ್ಕೆ ಖಚಿತವಾಗಿ ಹೇಳಲಾರೆ ಎಂದರು. ಉತ್ತರ ನನಗೆ ಹಿಡಿಸಿತು.

ಶರ್ಬಾಣಿಯವರಿಗೆ ಕಾಂಚನಜಂಗಾ ನೋಡಬೇಕಿತ್ತು. ಮದುವೆಯಾದಾಗಿನಿಂದ ನೋಡಬೇಕಿತ್ತು. ಆದರೆ ನಾಯಿಯನ್ನು ಯಾರ ಹತ್ತಿರ ಬಿಡುವುದು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಪ್ರತಿ ಪೂಜೆಗೂ ಪ್ರವಾಸ ರದ್ದಾಗುತ್ತಿತ್ತು. ಉತ್ತರ ಸಿಗದ ಹಾಗೆ ನೋಡಿಕೊಳ್ಳುತ್ತಿದ್ದವರು ಬಾಗ್ಚಿಯವರೇ.

“ನಾನಿಲ್ದೆ ಇದ್ರೆ ಅವನು ಅನ್ನ ಮುಟ್ಟಲ್ಲ ಮಾಯ್ತಿ ಬಾಬು,” ಎಂದರು ನನ್ನ ಮೇಜಿನ ಮೇಲೆ ಬಗ್ಗಿ. “ಅವನಿಗೆ ನಾನು ಅಂದ್ರೆ ಪ್ರಾಣ. ಸಂಜೆ ಆಫೀಸಿಂದ ಬಂದೆ ಅಂತ ಆ ಮನೇಲಿ ಎದ್ದು ಬಾಗಿಲಿಗೆ ಬರೋನು ಅವನೊಬ್ನೇ.”

ಇದನ್ನು ಹೆಂಡತಿ ಮತ್ತು ತಾಯಿಯ ಎದುರಿಗೇ ಹೇಳಿದರು. ಇಬ್ಬರೂ ಅಲ್ಲಗಳೆಯಲಿಲ್ಲ. ಶರ್ಬಾಣಿಯವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು, ಅದರಲ್ಲಿ ಹಿಮದ ಬೆಟ್ಟವೊಂದಿತ್ತು. ನನಗೆ ಬಾಗ್ಚಿಯವರ ಮೇಲೆ ನಿಜಕ್ಕೂ ಕನಿಕರ ಬಂತು. ಯಾರ ಮೇಲಾದರೂ ಕನಿಕರ ಬಂದರೆ ನಾನು ಅವರಿಗೆ ನಿಯಮಾವಳಿಯ ಪ್ರತಿ ಕೊಡುತ್ತೇನೆ. ಕೊಟ್ಟೆ.

ನೋಂದಣಿ ಶುರುವಾಯಿತು. ನಾಯಿಯ ಹೆಸರು ಕೇಳಿದೆ.

“ಘೊಂಟು,” ಎಂದರು.

“ಇದು ಮನೇಲಿ ಕರೆಯೋ ಹೆಸರು. ಒಳ್ಳೆ ಹೆಸರು ಏನು?”

ತಾಯಿ ಮುಖ ಗಂಟಿಕ್ಕಿದರು. “ನಾಯಿಗೆ ಎರಡೆರಡು ಹೆಸರಾ?”

“ಮಾಶೀಮಾ, ನಿಮ್ಮ ಮಗನ್ನ ಮನೇಲಿ ಏನಂತ ಕರೀತೀರಿ?” ಎಂದೆ, ಚಿಕ್ಕಮ್ಮ ಎಂಬ ಗೌರವದಲ್ಲಿ.

“ಖೋಕಾ ಅಂತ.”

“ಐವತ್ತು ದಾಟಿದ ಮೇಲೂ ಮಗು ಅಂತಲೇ ಕರೀತೀರಿ. ಅದು ಮನೆಗೆ ಸರಿ. ಆಫೀಸಲ್ಲಿ ಖೋಕಾ ಅಂತ ಬರೆದು ಸಂಬಳ ಕೊಡ್ತಾರಾ?”

“ಕೊಡೋ ಸಂಬಳ ನೋಡಿದ್ರೆ ಹಾಗೇ ಬರ್ದಿರಬೇಕು,” ಎಂದರು ಮುದುಕಿ.

ನಮ್ಮ ಕಡೆ ಹುಟ್ಟಿದವನಿಗೆ ಮನೆಗೊಂದು ಹೆಸರು, ಊರಿಗೊಂದು ಹೆಸರು ಇರಲೇಬೇಕು. ನಿಕೇತನ ಮನೆಯಲ್ಲ, ಊರು. ಒಳ್ಳೆಯ ಹೆಸರಿಲ್ಲದ ನಾಯಿಯನ್ನು ದಾಖಲಿಸಲು ಬರುವುದಿಲ್ಲ ಎಂದು ವಿವರಿಸಿದೆ. ಮೂವರೂ ಅಂಗಳದ ಬೆಂಚಿನ ಮೇಲೆ ಕೂತು ಮಧ್ಯಾಹ್ನದವರೆಗೆ ಜಗಳವಾಡಿದರು. ಕೊನೆಗೆ ಸೌಮ್ಯಕಾಂತಿ ಬಾಗ್ಚಿ ಎಂಬ ಹೆಸರು ತೀರ್ಮಾನವಾಯಿತು. ಅಷ್ಟರಲ್ಲಿ ಸೌಮ್ಯಕಾಂತಿ ನಮ್ಮ ಕಾರ್ಯದರ್ಶಿಯವರ ಒಂದು ಚಪ್ಪಲಿಯನ್ನು ತಿಂದು ಮುಗಿಸಿತ್ತು.

ಅಂದಿನಿಂದ ಸಿದ್ಧತೆ. ನಾಯಿ ಹೊಸ ಜಾಗಕ್ಕೆ ಹೊಂದಿಕೊಳ್ಳಬೇಕಾದರೆ ಮನೆಯೇ ಮೊದಲು ಹೊಸ ಜಾಗವಾಗಬೇಕು ಎಂಬುದು ನಮ್ಮ ತತ್ವ. ಆದ್ದರಿಂದ ಬಾಗ್ಚಿ ಮನೆಯಲ್ಲಿ ಊಟದ ಹೊತ್ತನ್ನು ನಿಕೇತನದ ಹೊತ್ತಿಗೆ ಬದಲಾಯಿಸಲಾಯಿತು. ಪೂಜೆಯ ಡೋಲಿನ ಸದ್ದಿಗೆ ನಾಯಿ ಬೆಚ್ಚಬಾರದೆಂದು ದಿನಾ ಸಂಜೆ ಡೋಲಿನ ಧ್ವನಿಮುದ್ರಿಕೆ ಹಾಕಿ ಕೇಳಿಸಿದರು. ಘೊಂಟು ಅದಕ್ಕೆ ಬೇಗ ಒಗ್ಗಿತು. ಪಕ್ಕದ ಮನೆಯವರು ಒಗ್ಗದೆ ಪೊಲೀಸರನ್ನು ಕರೆಸಿದರು. ಇನ್ನು ನಾಯಿ ಮಲಗುವ ಪಂಜರ. ಒಳಗೆ ಭಯವಿಲ್ಲವೆಂದು ತೋರಿಸಲು ಮೊದಲು ಮನೆಯವರಲ್ಲೊಬ್ಬರು ಅದರಲ್ಲಿ ಕೂರಬೇಕು. ಬಾಗ್ಚಿಯವರು ರಾತ್ರಿಯೂಟದ ನಂತರ ಪತ್ರಿಕೆ ಹಿಡಿದು ಕೂರುತ್ತಿದ್ದರು. ಆ ಮನೆಯಲ್ಲಿ ನೆಮ್ಮದಿಯಾಗಿ ಪತ್ರಿಕೆ ಓದಿದ್ದು ಅದೇ ಮೊದಲು ಎಂದು ನನ್ನ ಬಳಿ ಒಪ್ಪಿಕೊಂಡರು.

ಬೀಳ್ಕೊಡುಗೆ ಪರೀಕ್ಷೆ ಮಾತ್ರ ಕಷ್ಟವಾಯಿತು. ಈ ಪರೀಕ್ಷೆಯಲ್ಲಿ ಮನೆಯವರು ನಾಯಿಯನ್ನು ನಮ್ಮ ಅಂಗಳದಲ್ಲಿ ಬಿಟ್ಟು, ಅಳದೆ, ಮಾತಾಡದೆ, ತಿರುಗಿ ನೋಡದೆ ಗೇಟು ದಾಟಬೇಕು. ಶರ್ಬಾಣಿಯವರು ಬಸ್ಸಿಗೆ ಹೊತ್ತಾದವರಂತೆ ದಾಟಿದರು. ತಾಯಿ “ದುರ್ಗಾ ದುರ್ಗಾ” ಎಂದು ಗಟ್ಟಿಯಾಗಿ ಹೇಳಿದ್ದಕ್ಕೆ ಅನುತ್ತೀರ್ಣರಾದರು. ಯಾರೇ ಹೊರಟರೂ ಹಾಗನ್ನದಿದ್ದರೆ ನಾಲಿಗೆ ತುರಿಸುತ್ತದೆ ಎಂದು ಅವರು ವಾದಿಸಿದ ಮೇಲೆ, ಮನಸ್ಸಿನಲ್ಲಿ ಹೇಳಿಕೊಳ್ಳಲು ವಿಶೇಷ ಅನುಮತಿ ಕೊಟ್ಟೆವು. ಬಾಗ್ಚಿಯವರು ಪ್ರತಿ ಸಲವೂ ಗೇಟಿನವರೆಗೆ ಹೋಗಿ ತಿರುಗಿ ನೋಡುತ್ತಿದ್ದರು. ತಿರುಗಿ ನೋಡಿದ್ದಕ್ಕೆ ಲಿಖಿತ ಕಾರಣ ಕೇಳಿದೆ. “ಅವನು ನೋಡುತ್ತಿದ್ದಾನೆಯೇ ಎಂದು ನೋಡುವ ಸಲುವಾಗಿ” ಎಂದು ಬರೆದುಕೊಟ್ಟರು.

ಘೊಂಟು ಮೊದಲ ಸಲವೇ ತೇರ್ಗಡೆಯಾಗಿತ್ತು. ಅವರು ಹೋದದ್ದನ್ನೇ ಅದು ಗಮನಿಸಿರಲಿಲ್ಲ. ಇದನ್ನು ನಾನು ಬಾಗ್ಚಿಯವರಿಗೆ ಹೇಳಲಿಲ್ಲ. ಹೇಳಬೇಕೆಂಬ ನಿಯಮವಿಲ್ಲ.

ಕೊನೆಯದು ವಾಸನೆ ಪರೀಕ್ಷೆ. ವಾಸಕ್ಕೆ ಬರುವ ಪ್ರತಿ ನಾಯಿಯ ಜೊತೆಗೆ, ಅದು ಎಲ್ಲರಿಗಿಂತ ಹೆಚ್ಚು ಪ್ರೀತಿಸುವ ವ್ಯಕ್ತಿಯ ಒಗೆಯದ ಬಟ್ಟೆಯೊಂದನ್ನು ಇಡುವುದು ನಮ್ಮ ಪದ್ಧತಿ. ಅದರ ವಾಸನೆಯಲ್ಲಿ ನಾಯಿ ಸಮಾಧಾನವಾಗಿ ಮಲಗುತ್ತದೆ. ಆ ವ್ಯಕ್ತಿಯೇ ಅಧಿಕೃತ ಪೋಷಕ. ಯಾರು ಆ ವ್ಯಕ್ತಿ ಎಂಬುದನ್ನು ಮನೆಯವರ ಮಾತಿನ ಮೇಲೆ ನಂಬಲಾಗದು. ಪ್ರೀತಿಯ ವಿಷಯದಲ್ಲಿ ಮನೆಯವರು ಸುಳ್ಳು ಹೇಳುತ್ತಾರೆ. ನಾಯಿಯೇ ಆರಿಸಬೇಕು. ಮೋಸವಾಗದಂತೆ ಸಾಲಿನಲ್ಲಿ ಒಬ್ಬ ಅಪರಿಚಿತನ ಬಟ್ಟೆಯೂ ಇರಬೇಕು. ಅದನ್ನು ತರುವ ಜವಾಬ್ದಾರಿ ಅರ್ಜಿದಾರರದ್ದು.

ಬಾಗ್ಚಿಯವರು ಇದರ ಬಗ್ಗೆ ಬಹಳ ಯೋಚಿಸಿದರಂತೆ. ಬೀದಿಯಲ್ಲಿ ಹೋಗುವವರನ್ನು ಬನಿಯನ್ ಬಿಚ್ಚಿಕೊಡಿ ಎಂದು ಕೇಳುವುದು ಹೇಗೆ? ಕೊನೆಗೆ ಪರೀಕ್ಷೆಯ ದಿನ ಬೆಳಿಗ್ಗೆ ಮಾರುಕಟ್ಟೆಯಿಂದ ಬರುವಾಗ ಮೀನು ಮಾರುವ ಪಾಂಚು ಗಾಯೇನನ ಹೆಗಲ ಮೇಲಿದ್ದ ಗಮ್ಛಾ, ಅಂದರೆ ಅಂಗವಸ್ತ್ರದಂಥ ಕೆಂಪು ಚೌಕಳಿ ಟವೆಲ್ಲು, ಕೇಳಿ ತಂದರು. ನಾಯಿಯನ್ನು ಕರೆದುಕೊಂಡು ದಿನಾ ಬೆಳಿಗ್ಗೆ ಅವರು ಹೋಗುತ್ತಿದ್ದದ್ದು ಅವನ ಅಂಗಡಿಗೇ. ಬೆಲೆಗೆ ಜಗಳವಾಡಿ, ಕಿವಿರು ಎತ್ತಿ ನೋಡಿ, ರಾಜಕೀಯ ಮಾತಾಡಿ, ಅವನ ಮಗಳ ಮದುವೆಯ ಸಮಾಚಾರ ಕೇಳಿ, ವರ್ಷಗಳೇ ಕಳೆದಿದ್ದವು. ಆದರೂ “ಅಪರಿಚಿತ” ಎಂಬ ಪದ ಓದಿದಾಗ ಅವರಿಗೆ ಹೊಳೆದವನು ಅವನೇ. ಇದು ಬಾಗ್ಚಿಯವರೊಬ್ಬರ ತಪ್ಪಲ್ಲ. ನಮ್ಮ ಊರಿನ ಯಾವ ಬಾಬುವಿಗೂ ಅವನೇ ಹೊಳೆಯುತ್ತಿದ್ದ.

ಅಂಗಳದಲ್ಲಿ ಬಟ್ಟೆಗಳನ್ನು ಹಾಸಿದೆವು. ಬಾಗ್ಚಿಯವರು ಪಂಜರದಲ್ಲಿ ಕೂರುವಾಗ ಹಾಕುತ್ತಿದ್ದ ಪೈಜಾಮ, ಶರ್ಬಾಣಿಯವರ ಸೀರೆ, ತಾಯಿಯ ಶಾಲು, ಕೊನೆಗೆ ಗಮ್ಛಾ. ಕಾರ್ಯದರ್ಶಿ ಬ್ರಜೇನ್ ನಂದಿಯವರು ಹೊಸ ಚಪ್ಪಲಿ ಹಾಕಿಕೊಂಡು ದೂರದಲ್ಲಿ ಕುರ್ಚಿಯ ಮೇಲೆ ಕೂತರು. ಘೊಂಟುವನ್ನು ಬಿಟ್ಟೆವು. ಅದು ಪೈಜಾಮದ ಮೇಲೆ ನಡೆದುಕೊಂಡು ಹೋಯಿತು. ಸೀರೆಯನ್ನು ನೋಡಲಿಲ್ಲ. ಶಾಲಿಗೆ ಒಮ್ಮೆ ಸೀನಿತು. ಗಮ್ಛಾದ ಹತ್ತಿರ ಹೋಗಿ ನಿಂತಿತು, ಮೂಗು ಹುದುಗಿಸಿತು, ಸಣ್ಣಗೆ ಕುಂಯ್‌ಗುಟ್ಟಿತು. ಆಮೇಲೆ ಅದರ ಮೇಲೆ ಸುರುಳಿ ಸುತ್ತಿ ಮಲಗಿ ಉಸಿರು ಬಿಟ್ಟಿತು. ನನ್ನ ಸೇವಾವಧಿಯಲ್ಲಿ ಇಷ್ಟು ಸ್ಪಷ್ಟವಾದ ಫಲಿತಾಂಶ ಕಂಡಿರಲಿಲ್ಲ.

ಬಾಗ್ಚಿಯವರ ಮುಖ ಬಿಳಿಚಿತು. “ಅದು... ಅದು ಮೀನಿನ ವಾಸ್ನೆ! ಯಾವ ನಾಯಿ ಆದ್ರೂ ಹಾಗೇ ಮಾಡುತ್ತೆ!”

“ಸಂಸ್ಥೆ ಪ್ರೀತಿಯ ಕಾರಣಗಳಿಗೆ ಕೈ ಹಾಕಲ್ಲ,” ಎಂದರು ನಂದಿಯವರು. “ಕಾರಣ ಕೇಳ್ತಾ ಹೋದ್ರೆ ಯಾವ ಮನೇಲೂ ಪೋಷಕರು ಉಳಿಯಲ್ಲ.”

“ಒಗೆದು ಇನ್ನೊಂದ್ಸಲ ನೋಡಿ. ಕೈ ಮುಗಿತೀನಿ.”

ಮೇಲ್ಮನವಿಗೆ ಅವಕಾಶ ಇದೆ. ಗಮ್ಛಾವನ್ನು ಫಿನಾಯಿಲಿನಲ್ಲಿ ನೆನೆಸಿ ಒಗೆದು ಒಣಗಿಸಿ ಮತ್ತೆ ಹಾಸಿದೆವು. ಘೊಂಟು ಈ ಸಲ ಹುಡುಕಲೂ ಇಲ್ಲ, ನೇರ ಹೋಗಿ ಮಲಗಿತು. ಬಾಗ್ಚಿಯವರು ಮೊಣಕಾಲೂರಿ ಕೂತು “ಘೊಂಟು, ಬಾ ಕಂದ, ನಾನು ಕಣೋ, ನಾನು,” ಎಂದು ಕರೆದರು. ಅದು ಬಾಲವನ್ನು ಒಂದು ಸಲ ಮಾತ್ರ, ಸೌಜನ್ಯಕ್ಕೆಂಬಂತೆ, ಆಡಿಸಿತು. ನಾನು ಲೇಖನಿಯ ಮುಚ್ಚಳವನ್ನು ಎರಡು ಸಲ ಹಾಕಿ ತೆಗೆದೆ. ಆದರೂ ದಾಖಲೆಯಲ್ಲಿ ಪೋಷಕರ ಹೆಸರಿನ ಮುಂದೆ ಶ್ರೀ ಪಾಂಚು ಗಾಯೇನ್ ಎಂದು ಬರೆದೆ. ಪೋಷಕರ ಮನೆತನವೇ ನಾಯಿಯ ಮನೆತನವಾದ್ದರಿಂದ ನಾಯಿಯ ಹೆಸರು ಸೌಮ್ಯಕಾಂತಿ ಗಾಯೇನ್ ಎಂದಾಯಿತು.

ತಾಯಿ ಬೆಂಚಿನಿಂದ ಎದ್ದೇ ಬಿಟ್ಟರು. “ಏನಂದ್ರಿ? ನಮ್ಮದು ಬ್ರಾಹ್ಮಣರ ಮನೆ! ನಮ್ಮೂರ ಬ್ರಾಹ್ಮಣ್ರು ಮೀನು ತಿಂತಾರೆ, ಮೀನುಗಾರರಾಗಲ್ಲ! ನಮ್ಮನೆ ನಾಯಿ ಮೀನುಗಾರರ ಮನೆತನಕ್ಕೆ ಹೋಗ್ಬಿಡ್ತಾ? ಹತ್ತೊಂಬತ್ತು ತಲೆಮಾರಲ್ಲಿ ಹೀಗಾಗಿಲ್ಲ!”

“ಹಿಂದಿನ ಹತ್ತೊಂಬತ್ತು ತಲೆಮಾರಲ್ಲಿ ಯಾರೂ ಅರ್ಜಿ ಹಾಕಿರ್ಲಿಲ್ಲ ಮಾಶೀಮಾ,” ಎಂದೆ.

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಪೂಜಾ ಕಾಲಕ್ಕೆಂದೇ ನಮ್ಮಲ್ಲಿ ಒಂದು ವಿಶೇಷ ನಿಯಮವಿದೆ: ಅಧಿಕೃತ ಪೋಷಕರು ಊರಿನಲ್ಲಿದ್ದರೆ ನಾಯಿಯನ್ನು ಸೇರಿಸಿಕೊಳ್ಳುವಂತಿಲ್ಲ. ಹಿಂದೆ ಕೆಲವರು ನಾಯಿಯನ್ನು ಬಿಟ್ಟು ಊರಲ್ಲೇ ಉಳಿದು, ಗಳಿಗೆಗೊಮ್ಮೆ ಗೇಟಿಗೆ ಬಂದು ಕಣ್ಣೀರಿಡುತ್ತಿದ್ದರು. ಅದನ್ನು ನೋಡಿ ನಮ್ಮ ಕಾವಲುಗಾರ ಮಾನಸಿಕವಾಗಿ ಕುಗ್ಗಿ ರಾಜೀನಾಮೆ ಕೊಟ್ಟ. ಆದ್ದರಿಂದ ಪೋಷಕರು ಪ್ರವಾಸ ಹೊರಟ ಪುರಾವೆ ಬೇಕು. ಅಂದರೆ ಘೊಂಟು ನಿಕೇತನಕ್ಕೆ ಬರಬೇಕಾದರೆ ಪಾಂಚು ಗಾಯೇನ್ ಪ್ರವಾಸ ಹೋಗಬೇಕು.

“ಹಾಗಾದ್ರೆ ಈ ವರ್ಷವೂ ಬೇಡ ಬಿಡು ಶರ್ಬಾಣಿ,” ಎಂದರು ಬಾಗ್ಚಿಯವರು. ಧ್ವನಿಯಲ್ಲಿ ದುಃಖವಿತ್ತು, ಆದರೆ ಅಡಿಯಲ್ಲೆಲ್ಲೋ ಒಂದಿಷ್ಟು ಸಮಾಧಾನವೂ ಇತ್ತು.

ಶರ್ಬಾಣಿಯವರು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಈಗ ಬಿಟ್ಟರು. “ಬೇಡ ಅನ್ನೋಕೆ ನೀವ್ಯಾರು? ನೀವು ನಾಯಿಗೂ ಏನೂ ಅಲ್ಲ ಅಂತ ಇವ್ರು ಈಗ ತಾನೆ ಬರೆದು ಕೊಟ್ರಲ್ಲ. ಟ್ರಾವೆಲ್ಸ್‌ನಲ್ಲಿ ಮೂರು ಸೀಟಿದೆ. ನಾನು, ಅತ್ತೆ, ಮೂರನೇದು ಪಾಂಚು. ನಿಮ್ಮ ಸೀಟಲ್ಲಿ ಅವನು ಬರ್ತಾನೆ. ನಾನು ಈ ಸಲ ಬೆಟ್ಟ ನೋಡೇ ನೋಡ್ತೀನಿ. ನೋಡ್ಲಿಲ್ಲ ಅಂದ್ರೆ ನನ್ನ ಬೂದಿ ತಗೊಂಡ್ಹೋಗಿ ತೋರಿಸ್ಬೇಕಾಗುತ್ತೆ.”

ಪ್ರವಾಸದ ಕಂಪನಿಗೆ ಫೋನ್ ಮಾಡಿದರು. ಸೀಟಿನ ಮೇಲೆ ಒಬ್ಬ ಮನುಷ್ಯ ಇದ್ದರೆ ಸಾಕು, ಯಾರೆಂದು ನಾವು ಕೇಳುವುದಿಲ್ಲ ಎಂದು ಅವರು ಹೇಳಿದರು. ಇಂಥ ನಿಯಮವಿಲ್ಲದ ಕಂಪನಿಗಳಿಂದಲೇ ದೇಶ ಹಾಳಾಗುತ್ತಿದೆ.

ಪಾಂಚುವನ್ನು ಒಪ್ಪಿಸಲು ಎಲ್ಲರೂ ಮಾರುಕಟ್ಟೆಗೆ ಹೋದೆವು. ಪೋಷಕರ ಸಹಿ ಬೇಕಾದ್ದರಿಂದ ನಾನೂ ಹೋದೆ. ಪಾಂಚು ಎತ್ತರದ ಕಟ್ಟೆಯ ಮೇಲೆ, ಪಾದದಡಿ ದೊಡ್ಡ ಈಳಿಗೆ ಒತ್ತಿಕೊಂಡು, ರೋಹು ಮೀನೊಂದನ್ನು ಸೀಳುತ್ತಿದ್ದ. ಘೊಂಟು ಅವನನ್ನು ಕಂಡು ಹಗ್ಗ ಹರಿದುಕೊಂಡು ಓಡಿತು. ಅವನು ನೋಡದೆಯೇ ಒಂದು ಹಿಡಿ ಕರುಳನ್ನು ಪಕ್ಕಕ್ಕೆಸೆದ. ಅದನ್ನು ತಿಂದು ಅವನ ಮೊಣಕಾಲಿಗೆ ತಲೆ ಒರಗಿಸಿ ಕೂತಿತು. ಬಾಗ್ಚಿಯವರು ಬೇರೆ ಕಡೆ ನೋಡಿದರು.

ವಿಷಯ ಕೇಳಿದ ಪಾಂಚು ಈಳಿಗೆಯಿಂದ ಕಾಲು ತೆಗೆದ. “ನಾನಾ? ದಾರ್ಜಿಲಿಂಗಾ? ಬೌದಿ, ತಮಾಷೆ ಮಾಡ್ಬೇಡಿ.” ಬೌದಿ ಎಂದರೆ ಅತ್ತಿಗೆ, ದಾದಾ ಎಂದರೆ ಅಣ್ಣ; ಅವನ ಗಿರಾಕಿಗಳೆಲ್ಲ ಈ ಎರಡರಲ್ಲೊಂದು.

“ತಮಾಷೆ ಅಲ್ಲ ಪಾಂಚು. ನೀನೇ ಈಗ ಇವನ ಅಪ್ಪ,” ಎಂದರು ಶರ್ಬಾಣಿ.

“ಅದು ನಂಗೆ ಗೊತ್ತಿತ್ತು. ದಾದಾಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ.” ಪಾಂಚು ತಲೆ ಕೆರೆದುಕೊಂಡ. “ಆದ್ರೆ ಪೂಜೆ ಹೊತ್ತಲ್ಲಿ ನಾನು ಕಟ್ಟೆ ಬಿಟ್ಟೆ ಅಂದ್ರೆ, ತಿರುಗಿ ಬರೋಷ್ಟ್ರಲ್ಲಿ ಪಕ್ಕದ ಗೋಷ್ಠೋ ಇದರ ಮೇಲೆ ಸಂಸಾರ ಹೂಡಿರ್ತಾನೆ. ಖಾಲಿ ಕಟ್ಟೆ ಸಿಕ್ಕವರದ್ದು, ಇದು ಮಾರ್ಕೆಟ್ ಕಾನೂನು. ಯಾರಾದ್ರೂ ಕೂತ್ಕೊಂಡಿದ್ರೆ ಹೋಗ್ತೀನಿ.”

ಎಲ್ಲರೂ ಬಾಗ್ಚಿಯವರ ಕಡೆ ನೋಡಿದೆವು. ಊರಿನಲ್ಲಿ ಉಳಿಯುವವರು ಅವರೊಬ್ಬರೇ.

“ನಾನು ಸೆಕ್ಷನ್ ಅಧಿಕಾರಿ,” ಎಂದರು ಅವರು ಸಣ್ಣ ಧ್ವನಿಯಲ್ಲಿ.

“ಕೂತ್ಕೊಳೋದು ತಾನೆ ದಾದಾ?” ಎಂದ ಪಾಂಚು. “ಅಲ್ಲೂ ಅದನ್ನೇ ಮಾಡ್ತೀರಲ್ಲ.”

ಷಷ್ಠಿಯ ದಿನ ಘೊಂಟು ಗಮ್ಛಾ ಸಮೇತ ನಮ್ಮಲ್ಲಿ ದಾಖಲಾಯಿತು. ಪಾಂಚು ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿಯನ್ನು ಕೋಲ್ಕತ್ತದ ಬಿಸಿಲಿನಲ್ಲೇ ಹಾಕಿಕೊಂಡು, ಬಾಗ್ಚಿಯವರ ಸ್ವೆಟರ್ ತೊಟ್ಟು, ಎಡಕ್ಕೆ ಶರ್ಬಾಣಿ ಬಲಕ್ಕೆ ಮುದುಕಿ, ಸಿಯಾಲ್ದಹ ನಿಲ್ದಾಣದಲ್ಲಿ ರೈಲು ಹತ್ತಿದ. ಬಾಗ್ಚಿಯವರು ಕಟ್ಟೆ ಹತ್ತಿದರು.

ಮೊದಲ ದಿನ ಅವರು ಮೀನಿಗಿಂತ ತಮ್ಮ ಬೆರಳನ್ನೇ ಹೆಚ್ಚು ಕೊಯ್ದುಕೊಂಡರು ಎಂದು ಕೇಳಿದೆ. ಜನ ನಕ್ಕರು. ಗೋಷ್ಠೋ ಕೂತಲ್ಲಿಂದಲೇ “ಅಧಿಕಾರಿಗಳೇ, ಮೀನಿಗೂ ಸಹಿ ಬೇಕಾ?” ಎಂದು ಕೂಗಿದ. ಈ ಮಾತು ಬಾಗ್ಚಿಯವರ ಮನಸ್ಸಿಗೆ ನಾಟಿತು. ಯಾವುದು ತಮಗೆ ಬರುತ್ತದೋ ಅದನ್ನು ಮಾಡಬೇಕೆಂದು ನಿರ್ಧರಿಸಿ, ಮರುದಿನ ಕಟ್ಟೆಯ ಮೇಲೆ ಒಂದು ಫಲಕ ತೂಗುಹಾಕಿದರು:

“ಮೀನಿನ ಕಿವಿರು ಎತ್ತಿ ನೋಡಬಯಸುವವರು ಮುಂಚಿತವಾಗಿ ತಿಳಿಸತಕ್ಕದ್ದು. ಇಲಿಶ್ ಮೀನು ಬೇಕಾದವರು ಯಾಕೆ ಬೇಕೆಂದು ನಮೂದಿಸತಕ್ಕದ್ದು. ತಲೆಯೋ ಬಾಲವೋ ಎಂಬುದನ್ನು ಒಮ್ಮೆ ತಿಳಿಸಿದ ಮೇಲೆ ಬದಲಾಯಿಸಲು ಅವಕಾಶವಿಲ್ಲ. ವಿಚಾರಣೆ ಹನ್ನೊಂದರ ನಂತರ.”

ಹನ್ನೊಂದಕ್ಕೆ ಮೀನು ಮುಗಿದಿರುತ್ತಿತ್ತು. ಜನ ಮೊದಲು ಬೈದರು, ಆಮೇಲೆ ಯೋಚಿಸಿದರು. ಇಷ್ಟೊಂದು ಅಡೆತಡೆ ಇರುವ ಕಡೆ ಒಳ್ಳೆಯ ಮಾಲು ಇರಲೇಬೇಕು ಎಂದು ಅವರಿಗೆ ತೋರಿತು. ನವಮಿಯ ಹೊತ್ತಿಗೆ ಸಾಲು ಮಾರುಕಟ್ಟೆಯ ಬಾಗಿಲು ದಾಟಿತ್ತು. ಶಿಫಾರಸು ಪತ್ರ ತಂದವರೂ ಇದ್ದರು. ಗೋಷ್ಠೋನ ಕಟ್ಟೆಯಲ್ಲಿ ಅದೇ ಮೀನು, ಅದೇ ಬೆಲೆ, ಕೇಳುವವರಿಲ್ಲ. ಅವನೂ ಒಂದು ಫಲಕ ಬರೆಸಲು ಓಡಿದ.

ಪರಿಶೀಲನೆಯ ದೃಷ್ಟಿಯಿಂದ ನಾನೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಬಾಗ್ಚಿಯವರು ತಕ್ಕಡಿ ಕೆಳಗಿಟ್ಟರು. “ಮಾಯ್ತಿ ಬಾಬು, ಅವನು ಉಣ್ತಾನಾ? ನನ್ನ ನೆನೆಸ್ಕೋತಾನಾ?”

“ನಾಯಿಯ ಸಮಾಚಾರ ಅಧಿಕೃತ ಪೋಷಕರಿಗೆ ಮಾತ್ರ ಹೇಳಬಹುದು.”

“ಪೋಷಕ ದಾರ್ಜಿಲಿಂಗಲ್ಲಿದಾನಲ್ರೀ!”

“ಅವರಿಗೆ ಪ್ರತಿ ದಿನ ತಿಳಿಸ್ತಿದೀವಿ. ಬೇಕಿದ್ರೆ ಅವರನ್ನ ಕೇಳಿ.”

ಅಲ್ಲಿಯೇ ಫೋನ್ ಮಾಡಿದರು. ಕೈಯೆಲ್ಲ ಮೀನಾದ್ದರಿಂದ ಫೋನನ್ನು ನಾನು ಹಿಡಿದೆ, ಹಾಗಾಗಿ ಎಲ್ಲ ಕೇಳಿಸಿತು.

“ಘೊಂಟು ಚೆನ್ನಾಗಿದಾನಂತೆ ದಾದಾ,” ಎಂದ ಪಾಂಚು. “ಇಲ್ಲಿ ಮಾತ್ರ ಮೀನು ಮೀನಲ್ಲ. ಬೀಗರ ಮನೆ ಬಡ್ಸಿದ ಹಾಗೆ, ಮುಳ್ಳು ನಮಗೆ, ತುಂಡು ಅವರಿಗೆ. ಇವತ್ತು ಬೆಳಿಗ್ಗೆ ಬೆಟ್ಟ ಕಾಣಿಸ್ತು. ಬೌದಿ ಅತ್ತೇ ಬಿಟ್ರು.”

ಬಾಗ್ಚಿಯವರು ತಕ್ಕಡಿಯ ತಟ್ಟೆಯನ್ನು ಒರೆಸತೊಡಗಿದರು. ಹಿಂದೆ ಸಾಲಿನವರು ಗೊಣಗತೊಡಗಿದರು. “ನನ್ನ... ನನ್ನ ವಿಷ್ಯ ಏನಾದ್ರೂ ಅಂದ್ಳಾ?”

“ಇಲ್ಲ ದಾದಾ. ಮೋಡ ಬರೋದ್ರೊಳಗೆ ನೋಡಿ ಮುಗಿಸ್ಬೇಕಿತ್ತು, ಪುರುಸೊತ್ತಿರ್ಲಿಲ್ಲ.”

ಬಾಗ್ಚಿಯವರು ನನಗೆ ರೋಹುವಿನ ಬಾಲದ ಕಡೆ ಕೊಟ್ಟರು. ನಾನು ತಲೆ ಕೇಳಿದ್ದೆ. ಅವರ ಕಣ್ಣು ನೋಡಿ ಸುಮ್ಮನೆ ಚೀಲಕ್ಕೆ ಹಾಕಿಕೊಂಡು ಬಂದೆ.

ಪ್ರವಾಸ ಮುಗಿಯಿತು. ಬಿಡುಗಡೆಯ ದಿನ ಪಾಂಚು ರೈಲಿಳಿದು ನೇರ ನಿಕೇತನಕ್ಕೆ ಬಂದ. ಶರ್ಬಾಣಿ ಮತ್ತು ಮುದುಕಿಯೂ ಇದ್ದರು. ಮುದುಕಿಯ ಕೈಚೀಲವನ್ನು ಪಾಂಚು ಹಿಡಿದಿದ್ದ, ಅವನ ಟೊಪ್ಪಿಯನ್ನು ಮುದುಕಿ ಹಿಡಿದಿದ್ದರು. ಬೆಟ್ಟದ ಗಾಳಿ, ಹೋಟೆಲಿನ ಸುವಾಸನೆಯ ಸಾಬೂನು, ಕರ್ಪೂರ ಹಾಕಿಟ್ಟಿದ್ದ ಸ್ವೆಟರ್. ಮನುಷ್ಯ ಹೂವಿನ ಅಂಗಡಿಯಿಂದ ಬಂದವನ ಹಾಗೆ ಘಮಘಮಿಸುತ್ತಿದ್ದ. ಘೊಂಟುವನ್ನು ಹೊರಗೆ ತಂದೆವು.

ಅದು ಪಾಂಚುವಿನ ಪ್ಯಾಂಟು ಮೂಸಿತು. ಸ್ವೆಟರ್ ಮೂಸಿತು. ಸೀನಿತು. ಹಿಂದಕ್ಕೆ ಸರಿದು ಗುರ್ ಎಂದಿತು.

“ಏಯ್, ನಾನು ಕಣೋ! ಪಾಂಚು!”

ಮತ್ತೆ ಗುರ್ ಎಂದಿತು.

ನಂದಿಯವರ ಮುಖದಲ್ಲಿ ಆತಂಕ ಕಂಡಿತು. ಗುರುತಿಸದ ಪೋಷಕರ ಕೈಗೆ ನಾಯಿಯನ್ನು ಕೊಡಲು ಬರುವುದಿಲ್ಲ. ಬೇರೆಯವರ ಕೈಗೆ ಕೊಡಲು ಮೊದಲೇ ಬರುವುದಿಲ್ಲ. ಅಂದರೆ ಘೊಂಟು ಶಾಶ್ವತವಾಗಿ ನಿಕೇತನದಲ್ಲೇ ಉಳಿಯಬೇಕಾದ ಪರಿಸ್ಥಿತಿ. ನಂದಿಯವರು ಕಾಲನ್ನು ಮೆಲ್ಲಗೆ ಕುರ್ಚಿಯ ಮೇಲಕ್ಕೆ ತೆಗೆದುಕೊಂಡರು.

ಆಗ ಬಾಗ್ಚಿಯವರು ಗೇಟಿನಲ್ಲಿ ಕಾಣಿಸಿಕೊಂಡರು. ಮಾರುಕಟ್ಟೆಯಿಂದ ಸೀದಾ ಓಡಿ ಬಂದಿದ್ದರು. ಮಡಚಿ ಕಟ್ಟಿದ ಲುಂಗಿ, ಮೊಣಕೈವರೆಗೆ ಮೀನಿನ ಹೊಳೆಯುವ ಹುರುಪೆ, ಕೂದಲಿಗೂ ಅಂಟಿದ್ದ ಒಂದೆರಡು. ತಮಗೆ ಅಧಿಕಾರವಿಲ್ಲವೆಂದು ಗೊತ್ತಿದ್ದರಿಂದ ಒಳಗೆ ಬರದೆ ಕಂಬಿ ಹಿಡಿದು ನಿಂತರು.

ಘೊಂಟು ಮೂಗೆತ್ತಿತು. ಮರುಕ್ಷಣ ನನ್ನ ಕೈಯಿಂದ ಹಗ್ಗ ಹೋಗಿತ್ತು. ಅದು ಅಂಗಳ ದಾಟಿ, ಗೇಟು ಹಾರಿ, ಬಾಗ್ಚಿಯವರನ್ನು ನೆಲಕ್ಕೆ ಕೆಡವಿ, ಅವರ ಕೈ, ಕುತ್ತಿಗೆ, ಮುಖ, ಕಿವಿಯೊಳಗೆ ಕೂಡ ನೆಕ್ಕಿತು. ಬಾಲದ ಜೊತೆ ಇಡೀ ನಾಯಿಯೇ ಅಲ್ಲಾಡುತ್ತಿತ್ತು. ಬಾಗ್ಚಿಯವರು ರಸ್ತೆಯ ಧೂಳಿನಲ್ಲಿ ಕೂತು ಅದನ್ನು ಅಪ್ಪಿಕೊಂಡು ಗಟ್ಟಿಯಾಗಿ ಅತ್ತರು. “ನೋಡಿದ್ರಾ? ನೋಡಿದ್ರಾ ಎಲ್ರೂ? ನಾನು ಹೇಳ್ಲಿಲ್ವಾ, ನಾನು ಅಂದ್ರೆ ಪ್ರಾಣ ಅಂತ?”

ಪುನರ್ಮಿಲನದಲ್ಲಿ ಅಳುವುದಕ್ಕೂ ನಿಷೇಧವಿದೆ. ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದುದರಿಂದ ಉಲ್ಲಂಘನೆ ನನ್ನ ಗಮನಕ್ಕೆ ಬರಲಿಲ್ಲ.

“ಕಾರಣ ಮೀನು ಅಲ್ವಾ?” ಎಂದು ಶರ್ಬಾಣಿಯವರು ನನ್ನ ಹತ್ತಿರ ಮೆಲ್ಲಗೆ ಕೇಳಿದರು.

“ಸಂಸ್ಥೆ ಕಾರಣಗಳಿಗೆ ಕೈ ಹಾಕಲ್ಲ,” ಎಂದೆ.

ಪಾಂಚು ಸ್ವೆಟರಿನ ತೋಳು ಮೂಸಿ ನೋಡಿಕೊಂಡ. “ಹೋಗ್ಲಿ ಬಿಡಿ. ಮಗಳೂ ಮದುವೆ ಆದ ಮೇಲೆ ಹೀಗೇ ಮಾಡಿದ್ಲು.”

ನಂದಿಯವರು ಸ್ಥಳದಲ್ಲೇ ಆದೇಶ ಹೊರಡಿಸಿದರು. ಪೋಷಕತ್ವವನ್ನು ಶ್ರೀ ಪಾಂಚು ಗಾಯೇನರಿಂದ ಶ್ರೀ ನಿರುಪಮ ಬಾಗ್ಚಿಯವರಿಗೆ ವರ್ಗಾಯಿಸಲಾಗಿದೆ. ನಾಯಿಯ ಮನೆತನ ಪುನಃ ಬಾಗ್ಚಿ. ಪೋಷಕರು ತಾವು ಗುರುತಿಸಲ್ಪಟ್ಟ ವಾಸನೆಯನ್ನು ಮುಂದಿನ ಪೂಜೆಯ ಪರೀಕ್ಷೆಯವರೆಗೆ ಯಥಾಸ್ಥಿತಿಯಲ್ಲಿ ಕಾಪಾಡಿಕೊಂಡು ಬರತಕ್ಕದ್ದು. ತಪ್ಪಿದಲ್ಲಿ ಪೋಷಕತ್ವ ರದ್ದಾಗುವುದು.

“ಅಂದ್ರೆ ಸಾಬೂನು?” ಎಂದು ಮುದುಕಿ ಕೇಳಿದರು.

“ಹಬ್ಬಗಳಲ್ಲಿ, ಪೂರ್ವಾನುಮತಿ ಪಡೆದು,” ಎಂದೆ.

ಬಾಗ್ಚಿಯವರು ಓದದೆಯೇ ಸಹಿ ಹಾಕಿದರು. ಇಷ್ಟು ಸಂತೋಷದಿಂದ ಯಾರೂ ನಮ್ಮ ಆದೇಶಕ್ಕೆ ಸಹಿ ಹಾಕಿದ್ದು ನಾನು ಕಂಡಿಲ್ಲ.

ಈಗ ಎಲ್ಲವೂ ಸುಗಮವಾಗಿ ನಡೆಯುತ್ತಿದೆ. ಬಾಗ್ಚಿಯವರು ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ಅಲ್ಲಿಂದಲೇ ಕಚೇರಿಗೆ ಹೋಗುತ್ತಾರೆ. ಅವರ ಮೇಜಿನ ಹತ್ತಿರ ಬಂದವರು ಹೆಚ್ಚು ಹೊತ್ತು ನಿಲ್ಲದೆ, ಮೂಗು ಮುಚ್ಚಿಕೊಂಡು ಬೇಗಬೇಗ ಸಹಿ ಮಾಡಿಸಿಕೊಂಡು ಹೋಗುವುದರಿಂದ, ಬಾಕಿ ಉಳಿದಿದ್ದ ಕಡತಗಳೆಲ್ಲ ಖಾಲಿಯಾಗಿವೆ. ಇಲಾಖೆ ಅವರಿಗೆ ಪ್ರಶಂಸಾ ಪತ್ರ ಕೊಟ್ಟಿದೆ, ಪ್ರತಿ ವಿಭಾಗಕ್ಕೂ ಮೀನಿನ ಅನುಭವವಿರುವ ಒಬ್ಬ ಅಧಿಕಾರಿಯನ್ನು ನೇಮಿಸುವ ಪ್ರಸ್ತಾವವಿದೆ. ಮಾರುಕಟ್ಟೆಯ ಎಲ್ಲ ಕಟ್ಟೆಗಳಲ್ಲೂ ಫಲಕಗಳು ಬಂದಿವೆ. ಈಗ ಯಾರೂ ಕಿವಿರು ಮುಟ್ಟುವುದಿಲ್ಲ, ಹಳಸಿದ ಮೀನೂ ಗೌರವದಿಂದ ಮಾರಾಟವಾಗುತ್ತದೆ. ಪಾಂಚು ಹತ್ತು ಗಂಟೆಗೆ ಮುಂಚೆ ಏಳುವುದಿಲ್ಲ, ರಜೆಯ ಅಭ್ಯಾಸ. ಬರುವ ಪೂಜೆಗೆ ಅವನು, ಶರ್ಬಾಣಿ ಮತ್ತು ಮುದುಕಿ ಸಮುದ್ರಕ್ಕೆ ಹೋಗುವುದೆಂದು ಗೊತ್ತಾಗಿದೆ. ಬಾಗ್ಚಿಯವರು ಊರಲ್ಲೇ ಇರುತ್ತಾರಾದ್ದರಿಂದ ಘೊಂಟುವನ್ನು ನಮ್ಮಲ್ಲಿ ಸೇರಿಸಿಕೊಳ್ಳಲು ಬರುವುದಿಲ್ಲ, ಆದರೂ ಸಿದ್ಧತೆಗೆ ಹೆಸರು ಕೊಟ್ಟು ಹೋಗಿದ್ದಾರೆ.

ಮೊನ್ನೆ ಮೀನಿಗೆ ಹೋಗಿದ್ದೆ. ಕಚೇರಿಯ ಹೊತ್ತು ಮೀರಿತ್ತು. ಮೀನೆಲ್ಲ ಮುಗಿದು ಕಟ್ಟೆ ತೊಳೆದಾಗಿತ್ತು. ಬಾಗ್ಚಿಯವರು ಮಾತ್ರ ಹಾಗೇ ಕೂತಿದ್ದರು, ಅವರ ಎರಡೂ ಪಾದಗಳ ಮೇಲೆ ತಲೆಯಿಟ್ಟು ಘೊಂಟು ನಿದ್ದೆ ಹೋಗಿತ್ತು.

“ಆಫೀಸಿಗೆ ಹೊತ್ತಾಗ್ಲಿಲ್ವಾ?” ಎಂದು ಕೇಳಿದೆ.

ಬಾಗ್ಚಿಯವರು ತುಟಿಯ ಮೇಲೆ ಬೆರಳಿಟ್ಟರು.

“ಮೆಲ್ಲಗೆ ಮಾತಾಡಿ,” ಎಂದರು. “ನಾನು ಎದ್ರೆ ಅವನಿಗೆ ಎಚ್ಚರ ಆಗುತ್ತೆ.”